ಡೆಕಾಲ್ಕೊಮೇನಿಯಾ: ಕೊನೆಗೂ ಕವಲು ಒಡೆಯಿತು

ಆಕಸ್ಮಿಕವನ್ನೂ ಸುಪ್ತಮನಸ್ಸನ್ನೂ ನೆಚ್ಚಿದ ಕಲಾಪಂಥದವರಾದ ಸರ್ರಿಯಲಿಸ್ಟರ ತಂತ್ರಗಳನ್ನು ಒಂದೊಂದಾಗಿ ಮಾಡಿ ನೋಡುವ ಈ ಸರಣಿಯಲ್ಲಿ ಫ್ರೊಟಾಜ್ (ಉಬ್ಬುತಗ್ಗಿನ ಮೇಲೆ ಹಾಳೆಯಿಟ್ಟು ಉಜ್ಜುವುದು) ಮುಗಿದಿದೆ, ಗ್ರಟಾಜ್ (ಬಳಿದ ಬಣ್ಣ ಕೆರೆಯುವುದು) ಕೂಡ. ಎರಡು ಹಾಳೆಗಳ ನಡುವೆ ಬಣ್ಣ ಒತ್ತಿ, ಒಂದನ್ನು ಎತ್ತಿ ಆಕಾರ ಮೂಡಿಸುವ ಡೆಕಾಲ್ಕೊಮೇನಿಯಾ ಮಾತ್ರ ಜಗ್ಗುತ್ತಿರಲಿಲ್ಲ. ಈಗ ಜಗ್ಗಿದೆ. ಎ5 ಹಾಳೆಯ ಮೇಲಂಚಿನಲ್ಲಿ ಕೂದಲೆಳೆಯಷ್ಟು ಸಣ್ಣ ಕವಲುಗಳು, ಕೆಳಗೆ ಬಂದಂತೆ ಒಂದರೊಳಗೊಂದು ಸೇರಿ ದಪ್ಪ ಬೊಡ್ಡೆ, ನಡುವೆ ಒಂದೂ ಅಡ್ಡಗೆರೆ ಇಲ್ಲ. ಫ್ರೊಟಾಜ್ ಮಾಡಿದವರಿಗೆ ಉಪಕರಣಗಳೆಲ್ಲ ಗೊತ್ತೇ ಇವೆ. ಹಾಗಾಗಿ ಇಲ್ಲಿ ಬರೆಯುವುದು ಕವಲು ಏಕೆ ಒಡೆಯುತ್ತಿರಲಿಲ್ಲ ಎಂಬ ಒಂದೇ ವಿಷಯ.

ತಂತ್ರವನ್ನು ಸರ್ರಿಯಲಿಸಂಗೆ ತಂದವನು ಕೆನರಿ ದ್ವೀಪಗಳ ಟೆನೆರಿಫೆಯ ಆಸ್ಕರ್ ಡೊಮಿಂಗೆಸ್. 1936ರಲ್ಲಿ ‘ಮಿನೊಟೋರ್’ ಪತ್ರಿಕೆಯ 8ನೇ ಸಂಚಿಕೆಯಲ್ಲಿ ಸರ್ರಿಯಲಿಸ್ಟರ ಮುಂದಾಳು ಆಂದ್ರೆ ಬ್ರೆತಾನ್ ಅದರ ವಿಧಾನವನ್ನು ಬರೆದು ಎಲ್ಲರ ಕೈಗೂ ಕೊಟ್ಟ. ನುಣುಪಾದ ಬಿಳಿ ಹಾಳೆಯ ಮೇಲೆ ದಪ್ಪ ಕುಂಚದಿಂದ ಕಪ್ಪು ಗ್ವಾಶ್ (ಅಪಾರದರ್ಶಕ ಜಲವರ್ಣ) ಬಳಿಯಿರಿ, ಅಲ್ಲಲ್ಲಿ ತೆಳು, ಅಲ್ಲಲ್ಲಿ ಮಂದ. ಕೂಡಲೇ ಅಂಥದ್ದೇ ಇನ್ನೊಂದು ಹಾಳೆ ಮುಚ್ಚಿ, ಅಂಗೈ ಹಿಂಬದಿಯಿಂದ ಹದವಾಗಿ ಒತ್ತಿ. ಮೇಲಂಚನ್ನು ಹಿಡಿದು ಅವಸರವಿಲ್ಲದೆ ಎತ್ತಿ. ಬೇಕಿದ್ದರೆ ಬಣ್ಣ ಬಹುತೇಕ ಆರುವವರೆಗೂ ಮತ್ತೆ ಮುಚ್ಚಿ, ಮತ್ತೆ ಎತ್ತಿ. ಅಷ್ಟೇ. ಮೊದಲ ಓದಿಗೆ ಇದು ಮಕ್ಕಳ ಆಟದ ವಿವರಣೆ ಎನಿಸುತ್ತದೆ. ಆದರೆ ಇದರಲ್ಲಿ ಒಂದು ಪದವೂ ದಂಡಕ್ಕಿಲ್ಲ. ‘ನುಣುಪಾದ’, ‘ಕೂಡಲೇ’, ‘ಮೇಲಂಚು’, ‘ಅವಸರವಿಲ್ಲದೆ’: ಈ ನಾಲ್ಕರಲ್ಲಿ ಯಾವುದನ್ನು ಬಿಟ್ಟರೂ ಹಾಳೆ ಕೆಡುತ್ತದೆ.

ಕವಲು ಹುಟ್ಟುವುದು ಹೀಗೆ. ಎರಡು ಹಾಳೆಗಳ ನಡುವೆ ಮಂದ ಬಣ್ಣ ಸಿಕ್ಕಿಕೊಂಡಿರುತ್ತದೆ. ಒಂದನ್ನು ಎತ್ತಿದಾಗ ಅಂಚಿನಿಂದ ಗಾಳಿ ಒಳನುಗ್ಗುತ್ತದೆ. ತೆಳುವಾದದ್ದು ಮಂದವಾದದ್ದನ್ನು ತಳ್ಳುವಾಗ ಗಡಿ ನೇರವಾಗಿ ಉಳಿಯುವುದಿಲ್ಲ, ಬೆರಳುಗಳಾಗಿ ಒಡೆಯುತ್ತದೆ. ದ್ರವಗಳ ಹರಿವನ್ನು ಅಭ್ಯಾಸ ಮಾಡಿದ ವಿಜ್ಞಾನಿಗಳಾದ ಸಾಫ್‌ಮನ್ ಮತ್ತು ಟೇಲರ್ 1958ರಲ್ಲಿ ಇದರ ಲೆಕ್ಕ ಹಾಕಿದರು. ಗಾಳಿಯ ಬೆರಳುಗಳು ಪೈಪೋಟಿಗಿಳಿಯುತ್ತವೆ. ಕೆಲವು ಸೋತು ನಿಲ್ಲುತ್ತವೆ. ಸೋತ ಬೆರಳಿನ ಎರಡೂ ಬದಿಯ ಬಣ್ಣದ ಏಣುಗಳು ಕೂಡಿ ಒಂದಾಗುತ್ತವೆ. ಅದಕ್ಕೇ ಮೊದಲು ಎತ್ತಿದ ಕಡೆ ಸಣ್ಣ ಟಿಸಿಲು, ಕೊನೆಗೆ ಬಿಟ್ಟ ಕಡೆ ಬೊಡ್ಡೆ. ಮೇಲಂಚಿನಿಂದ ಎತ್ತಿ ಎಂದು ಬ್ರೆತಾನ್ ಹೇಳಿದ್ದನ್ನು ಪಾಲಿಸಿದರೆ ಮರ ನೆಟ್ಟಗೆ ನಿಲ್ಲುತ್ತದೆ. ಕೆಳಗಿನಿಂದ ಎತ್ತಿದರೆ ತಲೆಕೆಳಗು.

ಕವಲಿನ ಅಗಲ ನಮ್ಮ ಕೈಯಲ್ಲೇ ಇದೆ. ಬಣ್ಣದ ಪದರ ಇಮ್ಮಡಿಯಾದರೆ ಅಗಲವೂ ಸುಮಾರು ಇಮ್ಮಡಿ. ಎತ್ತುವ ವೇಗ ಅಥವಾ ಬಣ್ಣದ ಮಂದತನ ನಾಲ್ಕು ಪಟ್ಟಾದರೆ ಅಗಲ ಅರ್ಧಕ್ಕೆ ಇಳಿಯುತ್ತದೆ. ಮೇಲ್ಮೈ ಎಳೆತ ಕಡಿಮೆಯಾದರೂ ಎಳೆ ಸಣ್ಣಗಾಗುತ್ತದೆ ನಿಜ, ಆದರೆ ಅದಕ್ಕೆಂದು ಪಾತ್ರೆ ತೊಳೆಯುವ ಸೋಪು ಹಾಕಬೇಡಿ. ನೊರೆ ಎದ್ದು ಹಾಳೆಯ ತುಂಬ ಗುಂಡಗಿನ ತೂತು ಬೀಳುತ್ತವೆ.

ಹಾಗಾದರೆ ಕೆಡುತ್ತಿದ್ದದ್ದು ಎಲ್ಲಿ? ಎರಡು ಕಡೆ, ಅದೂ ಒಂದಕ್ಕೊಂದು ವಿರುದ್ಧವಾಗಿ. ಚಿತ್ರ ಬಿಡಿಸುವ ಕಾರ್ಟ್ರಿಜ್ ಹಾಳೆ ಬಣ್ಣದ ನೀರನ್ನು ಕುಡಿದುಬಿಡುತ್ತದೆ. ಹರಿಯಲು ದ್ರವವೇ ಉಳಿಯದ ಮೇಲೆ ಕವಲು ಎಲ್ಲಿಂದ ಬರಬೇಕು? ಬರೀ ಮಚ್ಚೆ, ಜೊತೆಗೆ ಎದ್ದುಬಂದ ಕಾಗದದ ನಾರು. ಎರಡೂ ಕಡೆ ಒಎಚ್‌ಪಿ ಶೀಟ್ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಹಾಕಿದರೆ ಕವಲು ಚೆಂದವಾಗಿ ಒಡೆಯುತ್ತದೆ, ಆದರೆ ನೋಡನೋಡುತ್ತಲೇ ಏಣುಗಳು ಕುಸಿದು ಕೆರೆಯಾಗುತ್ತವೆ. ಬೇಕಾದದ್ದು ಎತ್ತುವಾಗ ಹರಿಯುವ, ಎತ್ತಿದ ಮೇಲೆ ನಿಲ್ಲುವ ಬಣ್ಣ, ಮತ್ತು ನಿಧಾನವಾಗಿ ಮಾತ್ರ ನೀರು ಹೀರುವ ಹಾಳೆ.

ಹಾಳೆಯ ವಿಷಯದಲ್ಲಿ ಅಂಗಡಿಯವರನ್ನು ನಂಬಿ ಪ್ರಯೋಜನವಿಲ್ಲ. ಲೇಪನವಿರುವ ನುಣುಪು ಆರ್ಟ್ ಪೇಪರ್ ಕೇಳಿದರೆ ಐವರಿ ಎಂಬ ಬೇರೆ ಹಾಳೆ ಕೊಡುತ್ತಾರೆ, ಎರಡೂ ಬದಿ ಲೇಪನ ಕೇಳಿದರೆ ಒಂದೇ ಬದಿಯದು ಬರುತ್ತದೆ, ಜಿಎಸ್‌ಎಂ (ಚದರ ಮೀಟರಿಗೆ ಎಷ್ಟು ಗ್ರಾಂ) ಕೇಳಿದರೆ ಹಾಳೆಯನ್ನು ಬೆರಳಲ್ಲಿ ಅಲ್ಲಾಡಿಸಿ ಒಂದು ಸಂಖ್ಯೆ ಹೇಳುತ್ತಾರೆ! ಒಂದು ಹನಿ ನೀರು ಬಿಟ್ಟು ನೋಡಿ. ಹತ್ತು ಸೆಕೆಂಡಿನಲ್ಲಿ ಇಂಗಿದರೆ ಆ ಹಾಳೆ ಬೇಡ, ಒಂದು ನಿಮಿಷ ಗುಂಡಗೆ ನಿಂತರೆ ಸಾಕು. ಒಳ್ಳೆಯ ಹಾಳೆ ಸಿಗದಿದ್ದರೆ 100 ಮಿ.ಲೀ. ತಣ್ಣೀರಿನಲ್ಲಿ 2.5 ಗ್ರಾಂ ಜೆಲಟಿನ್ ಅರ್ಧ ಗಂಟೆ ನೆನೆಸಿ, 50–60 ಡಿಗ್ರಿಗೆ ಬಿಸಿ ಮಾಡಿ ಕರಗಿಸಿ, ಅಗಲ ಕುಂಚದಿಂದ ಒಂದು ಕೈ ಬಳಿದು ಒಣಗಿಸಿ. ಕುದಿಸಿದರೆ ಜೆಲಟಿನ್ನಿನ ಬಿಗಿ ಹೋಗುತ್ತದೆ. ಮಳೆಗಾಲದಲ್ಲಿ ಈ ಹಾಳೆಗೆ ಬೂಷ್ಟು ಹಿಡಿಯುತ್ತದೆ, ಬೇಕಾದಷ್ಟನ್ನೇ ಮಾಡಿಕೊಳ್ಳಿ.

ಬಣ್ಣವನ್ನು ಮಂದ ಮಾಡಲು ಸಿಎಂಸಿ, ಅಂದರೆ ನೀರಿನಲ್ಲಿ ಲೋಳೆಯಾಗುವ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಪುಡಿ. 2 ಗ್ರಾಂ ಪುಡಿಯನ್ನು 100 ಮಿ.ಲೀ. ಉಗುರುಬೆಚ್ಚಗಿನ ನೀರಿಗೆ ಕಲಕುತ್ತ ಕಲಕುತ್ತ ಉದುರಿಸಿ, ರಾತ್ರಿಯಿಡೀ ಬಿಡಿ. ಒಮ್ಮೆಲೇ ಸುರಿದರೆ ಗಂಟು, ಆಮೇಲೆ ಸುಲಭಕ್ಕೆ ಕರಗುವುದಿಲ್ಲ. ಕಪ್ಪು ಗ್ವಾಶ್ 2 ಪಾಲು, ಈ ಲೋಳೆ 1 ಪಾಲು, 10 ಮಿ.ಲೀ.ಗೆ ಮೂರು ಹನಿ ಗ್ಲಿಸರಿನ್. ಹದ ದೋಸೆ ಹಿಟ್ಟಿಗಿಂತ ಮಂದ, ಇಡ್ಲಿ ಹಿಟ್ಟಿಗಿಂತ ತೆಳು. ಪೋಸ್ಟರ್ ಕಲರ್ ಬಳಸಿದರೆ ಕವಲು ಬರುತ್ತದೆ, ಆದರೆ ಅದರಲ್ಲಿನ ಸುಣ್ಣದ ಪುಡಿಯಿಂದಾಗಿ ಕಪ್ಪು ಆರಿದ ಮೇಲೆ ಬೂದಿಯಾಗುತ್ತದೆ. ಇನ್ನೊಂದು ತಕರಾರು: ಸಿಎಂಸಿ ಮಂದ, ಮಧ್ಯಮ, ತೆಳು ಎಂದು ಬೇರೆ ಬೇರೆ ದರ್ಜೆಗಳಲ್ಲಿ ತಯಾರಾಗುತ್ತದೆ. ಬಿಡಿಯಾಗಿ ಮಾರುವ ಪ್ಯಾಕೆಟ್ಟಿನ ಮೇಲೆ ದರ್ಜೆಯನ್ನೇ ಬರೆದಿರುವುದಿಲ್ಲ. ಹೊಸ ಪ್ಯಾಕೆಟ್ ತಂದಾಗಲೆಲ್ಲ ಹದ ಮೊದಲಿನಿಂದ.

ಪದರ 0.1 ಮಿ.ಮೀ. ಇರಲಿ. ಹಾಳೆಯ ಎರಡು ಉದ್ದದ ಅಂಚುಗಳಿಗೆ ಸೆಲೋ ಟೇಪ್ ಎರಡೆರಡು ಪದರ ಅಂಟಿಸಿ, ಅದರ ಮೇಲೆ ಸ್ಟೀಲ್ ಸ್ಕೇಲ್ ಎಳೆದರೆ ಹೆಚ್ಚುಕಮ್ಮಿ ಅಷ್ಟೇ ಉಳಿಯುತ್ತದೆ. ಎ5ಗೆ ಲೆಕ್ಕದ ಪ್ರಕಾರ 3 ಮಿ.ಲೀ., ಸ್ಕೇಲಿಗೆ ಮೆತ್ತುವುದೂ ಸೇರಿ 4 ತೆಗೆದುಕೊಳ್ಳಿ.

ಇಷ್ಟಾದರೂ ಅಡ್ಡಗೆರೆಗಳು ಹೋಗುತ್ತಿರಲಿಲ್ಲ. ಕೈಯಲ್ಲಿ ಎತ್ತುವಾಗ ಒಂದು ಕ್ಷಣ ತಡೆದರೂ ಗಾಳಿಯ ಗಡಿ ಅಲ್ಲೇ ನಿಂತು ಗೆರೆ ಕೊರೆಯುತ್ತದೆ. ಅವಸರವಿಲ್ಲದೆ ಎಂದರೆ ನಿಧಾನವಾಗಿ ಮಾತ್ರವಲ್ಲ, ತಡೆಯಿಲ್ಲದೆ ಕೂಡ. ದಾರಿ ತೋರಿಸಿದ್ದು ಒಂದು ತುಂಡು 75 ಮಿ.ಮೀ. ಪಿವಿಸಿ ಪೈಪು. ಕೆಳಗಿನ ಹಾಳೆಯನ್ನು ಗಾಜಿಗೆ ಅಂಟಿಸಿ, ಮೇಲಿನ ಒಎಚ್‌ಪಿ ಶೀಟಿನ ಮೇಲಂಚನ್ನು ಪೈಪಿನ ಉದ್ದಕ್ಕೂ ಟೇಪಿನಿಂದ ಹಿಡಿಸಿ, ಪೈಪನ್ನು ಕೆಳಗಡೆಗೆ ಉರುಳಿಸಿ. ಶೀಟು ಪೈಪಿಗೆ ಸುತ್ತುತ್ತ ಒಂದೇ ಕೋನದಲ್ಲಿ, ಒಂದೇ ವೇಗದಲ್ಲಿ ಏಳುತ್ತದೆ. ಸುತ್ತಳತೆ ಸುಮಾರು 235 ಮಿ.ಮೀ. ಇರುವುದರಿಂದ 210ರ ಹಾಳೆ ಒಂದು ಸುತ್ತಿನೊಳಗೇ ಮುಗಿಯುತ್ತದೆ. 50ರ ಪೈಪಾದರೆ ಬಣ್ಣ ಹತ್ತಿದ ಭಾಗ ತಿರುಗಿ ಬಂದು ಇನ್ನೂ ಏಳದ ಶೀಟಿನ ಬೆನ್ನಿಗೆ ಮೆತ್ತುತ್ತದೆ. ಮೂರು ಸೆಕೆಂಡಿನಲ್ಲಿ ಉರುಳಿಸಿದರೆ ಸಣ್ಣ ಎಳೆ, ಹನ್ನೆರಡು ಸೆಕೆಂಡಾದರೆ ಇಮ್ಮಡಿ ಅಗಲ. ಆಮೇಲೆ ಫ್ಯಾನ್ ಆರಿಸಿ, ಇಪ್ಪತ್ತು ನಿಮಿಷ ಹಾಳೆಯನ್ನು ಓರೆ ಮಾಡಬೇಡಿ.

ಇದರ ಮಧ್ಯೆ ಮುಂದಿನ ಯೋಜನೆಯೊಂದು ತಲೆಗೆ ಹತ್ತಿದೆ: ವೋಲ್ಫ್‌ಗ್ಯಾಂಗ್ ಪಾಲೆನ್‌ನ ಫ್ಯೂಮಾಜ್, ಅಂದರೆ ಹಸಿ ತೈಲವರ್ಣದ ಮೇಲೆ ಮೇಣದಬತ್ತಿಯ ಮಸಿ. ನಮ್ಮಲ್ಲಿ ಕಾಡಿಗೆಗೆ ಹರಳೆಣ್ಣೆ ದೀಪದ ಮಸಿ ಹಿಡಿಯುವ ರೂಢಿ ಇದ್ದೇ ಇದೆ. ಅದನ್ನೂ ಮೇಣದ ಮಸಿಯನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಬಕೆಟ್ ನೀರು ಪಕ್ಕದಲ್ಲಿ, ಟರ್ಪೆಂಟೈನ್ ಬೇರೆ ಕೋಣೆಯಲ್ಲಿ.

ಇಷ್ಟೆಲ್ಲ ಹದ ಹಿಡಿದು ಮಾಡಿದ ಮೇಲೆ ಡೆಕಾಲ್ಕೊಮೇನಿಯಾದಲ್ಲಿ ಆಕಸ್ಮಿಕ ಏನು ಉಳಿಯಿತು ಎಂದು ಕೇಳಬಹುದು. ಯಾವ ಬೆರಳು ಗೆಲ್ಲುತ್ತದೆ, ಯಾವುದು ಸೋಲುತ್ತದೆ ಎಂಬುದು ಪೂರ್ತಿ ಉಳಿಯಿತು. ಸರ್ರಿಯಲಿಸಂಗೆ ಮುಂಚೆಯೇ ಆಕಸ್ಮಿಕವನ್ನು ಕಲೆಗೆ ತಂದ ಡಾಡಾ ಪಂಥದವರಿಗೂ ಹದ ಬೇಕಿತ್ತು. ಜ್ಯೂರಿಕ್‌ನಲ್ಲಿ 1916–17ರಲ್ಲಿ ಹ್ಯಾನ್ಸ್ ಆರ್ಪ್ ಆಕಸ್ಮಿಕದ ನಿಯಮದಂತೆ ಜೋಡಿಸಿದ್ದೆಂದು ಹೆಸರಿಟ್ಟ ಕೊಲಾಜಿನಲ್ಲಿ (ಕಾಗದದ ತುಂಡುಗಳನ್ನು ಅಂಟಿಸಿದ ಚಿತ್ರದಲ್ಲಿ) ಹರಿದ ಚೌಕಗಳು ಒಂದರ ಮೇಲೊಂದು ಬಿದ್ದೇ ಇಲ್ಲ ಎನ್ನುವಷ್ಟು ಅಚ್ಚುಕಟ್ಟು. ವ್ಯತ್ಯಾಸ ಆಮೇಲಿನದು. ಆರ್ಪ್‌ನ ಚೌಕ ಚೌಕವಾಗಿಯೇ ಉಳಿಯುತ್ತದೆ, ಇನ್ನೊಂದಾಗಿ ಕಾಣಲು ಹೋಗುವುದಿಲ್ಲ. ಸರ್ರಿಯಲಿಸ್ಟರಿಗೆ ಬಿದ್ದದ್ದರೊಳಗೆ ಏನು ಕಾಣುತ್ತದೆ ಎಂಬುದೇ ಮುಖ್ಯ.

ಕಲೋನ್‌ನ ಡಾಡಾದಿಂದ ಪ್ಯಾರಿಸ್‌ನ ಸರ್ರಿಯಲಿಸಂಗೆ ನಡೆದುಬಂದ ಮ್ಯಾಕ್ಸ್ ಅರ್ನ್ಸ್ಟ್‌ನಲ್ಲಿ ಇದು ಕಣ್ಣಿಗೆ ಹೊಡೆಯುತ್ತದೆ. ಅಮೆರಿಕದ ಹಾರ್ಟ್‌ಫರ್ಡ್‌ನ ವಾಡ್ಸ್‌ವರ್ತ್ ಅಥೀನಿಯಂ ಸಂಗ್ರಹಾಲಯದಲ್ಲಿರುವ ‘ಮಳೆಯ ನಂತರದ ಯುರೋಪ್ 2’ (1940–42) ಸುಮಾರು 55 × 148 ಸೆಂ.ಮೀ. ತೈಲಚಿತ್ರ. ಬಂಡೆ, ಕೊಳೆತ ಕಂಬ, ಪಾಚಿ ಎಲ್ಲ ಡೆಕಾಲ್ಕೊಮೇನಿಯಾ. ಆದರೆ ಆಕಾಶವನ್ನು ಗಮನಿಸಿ: ನಯವಾದ ನೀಲಿ, ಕುಂಚದ ಕೆಲಸ. ಆ ನೀಲಿ ಎಲ್ಲಿ ನಿಲ್ಲುತ್ತದೋ ಅಲ್ಲಿ ಬಂಡೆಗೆ ಅಂಚು ಹುಟ್ಟುತ್ತದೆ. ಕಲೆಗಾರ ಬಿಡಿಸಿದ್ದು ಬಂಡೆಯನ್ನಲ್ಲ, ಬಂಡೆ ಅಲ್ಲದ ಭಾಗವನ್ನು.

ಹಾಗಾಗಿ ಮುಂದಿನ ಹಂತ ತೈಲ. ಗ್ವಾಶ್ ಹಾಳೆಯ ಮೇಲೆ ಆಕಾಶ ಬಳಿದರೆ ಕೆಳಗಿನ ಕಪ್ಪು ಮತ್ತೆ ಕರಗಿ ನೀಲಿಯೊಳಕ್ಕೆ ಬರುತ್ತದೆ, ಅದು ಗೋಂದಿನ ಗುಣ. ತೈಲಕ್ಕೆ ಆ ಕಾಟವಿಲ್ಲ, ಆದರೆ ಆರಲು ವಾರಗಳು ಬೇಕು. ಮೊದಲ ಬೋರ್ಡ್ ಒತ್ತಿಟ್ಟಿದೆ: ಬರ್ನ್ಟ್ ಅಂಬರ್ ಎಂಬ ಕಂದು ಬಣ್ಣ, ಲಿನ್‌ಸೀಡ್ ಎಣ್ಣೆ ಸೇರಿಸಿಲ್ಲ, ಒಎಚ್‌ಪಿ ಬದಲು 4 ಮಿ.ಮೀ. ಗಾಜು. ಗಾಜು ಬಾಗದ ಕಾರಣ ಪೈಪು ಉಪಯೋಗಕ್ಕಿಲ್ಲ. ಒಂದು ಅಂಚಿನಡಿ ಬೆಣೆ ತಳ್ಳಿ ಎತ್ತಬೇಕು. ಅಂಬರ್ ಬೇಗ ಆರುವ ಬಣ್ಣ, ಆಕಾಶ ಅದಾದ ಮೇಲೆ.