ಗೂಡು ನೋಡಿ ಗಂಡನ್ನು ಒಪ್ಪುವ ಮೀನುಗಳು

ಗೂಡು ಅಂದ ಕೂಡಲೇ ಎಲ್ಲರಿಗೂ ಹಕ್ಕಿಯೇ ನೆನಪಾಗುತ್ತದೆ. ಆದರೆ ಎಷ್ಟೋ ಮೀನುಗಳೂ ಗೂಡು ಕಟ್ಟುತ್ತವೆ, ಅದೂ ಹೆಚ್ಚಾಗಿ ಗಂಡೇ ಕಟ್ಟುತ್ತದೆ. ನನಗೆ ಇದರ ಹುಚ್ಚು ಹಿಡಿಸಿದ್ದು ಸ್ಟಿಕಲ್‌ಬ್ಯಾಕ್ ಎಂಬ ಬೆರಳುದ್ದದ ಮೀನು.

ಬೆನ್ನ ಮೇಲೆ ಮೂರು ಮುಳ್ಳು. ಮೊಟ್ಟೆಯ ಕಾಲ ಬಂತೆಂದರೆ ಗಂಡಿನ ಕೊರಳು, ಹೊಟ್ಟೆ ಕೆಂಪಾಗುತ್ತವೆ. ಬಾಯಿಂದ ಮರಳು ಕಚ್ಚಿ ಕಚ್ಚಿ ಉಗಿದು ಗುಂಡಿ ಮಾಡುತ್ತದೆ, ನೀರುಗಿಡದ ಎಳೆಗಳನ್ನು ಒಂದೊಂದೇ ತಂದು ಪೇರಿಸುತ್ತದೆ. ಆಮೇಲೆ ಅದರ ಮೇಲೆ ಹೊಟ್ಟೆ ಉಜ್ಜಿಕೊಂಡು ಹೋಗುತ್ತಾ ಅಂಟು ಬಳಿಯುತ್ತದೆ. ಆ ಅಂಟು ತಯಾರಾಗುವುದು ಅದರ ಕಿಡ್ನಿಯಲ್ಲಿ! ಗಂಡು ಹಾರ್ಮೋನು ಏರಿದಾಗ ಕಿಡ್ನಿಯೇ ಅಂಟಿನ ಕಾರ್ಖಾನೆಯಾಗುತ್ತದೆ. ಹೆಣ್ಣು ಕಂಡರೆ ಅಡ್ಡಾದಿಡ್ಡಿ ಕುಣಿಯುತ್ತಾ ಗೂಡಿನ ಬಾಗಿಲವರೆಗೂ ಕರೆದೊಯ್ಯುತ್ತದೆ. ಹೆಣ್ಣಿಗೆ ಒಪ್ಪಿಗೆಯಾಗದಿದ್ದರೆ ಸುಮ್ನೆ ಹೊರಟುಹೋಗುತ್ತದೆ, ಒಪ್ಪಿದರೆ ಒಳಗೆ ನುಗ್ಗಿ ಮೊಟ್ಟೆಯಿಡುತ್ತದೆ. ಮುಂದಿನ ದಿನಗಳಲ್ಲೆಲ್ಲ ರೆಕ್ಕೆಯಿಂದ ಮೊಟ್ಟೆಗೆ ಹೊಸ ನೀರು ಬೀಸುತ್ತಾ ಕಾಯುವುದು ಗಂಡು ಮಾತ್ರ.

ಗಂಡೇ ಯಾಕೆ? ಇಂಥ ಮೀನುಗಳಲ್ಲಿ ಮೊಟ್ಟೆ ಫಲವಾಗುವುದು ಮೈಯ ಹೊರಗೆ, ಗಂಡು ಹಿಡಿದಿಟ್ಟುಕೊಂಡ ಜಾಗದಲ್ಲಿ. ಜಾಗ ಕಾಯುವುದು ಹೇಗೂ ಇದ್ದೇ ಇದೆ, ಅದರ ಜೊತೆಗೇ ನಾಲ್ಕಾರು ಹೆಣ್ಣುಗಳ ಮೊಟ್ಟೆಗಳನ್ನೂ ಕಾಯಬಹುದು. ಅಂದರೆ ಮಕ್ಕಳನ್ನು ನೋಡಿಕೊಳ್ಳುವುದರಿಂದ ಇನ್ನೊಂದು ಹೆಣ್ಣು ಸಿಗುವುದು ತಪ್ಪುವುದಿಲ್ಲ.

ತಪ್ಪುವುದಿರಲಿ, ಕೆಲವು ಜಾತಿಗಳಲ್ಲಿ ಹೆಣ್ಣುಗಳು ಆಗಲೇ ಮೊಟ್ಟೆ ಇರುವ ಗೂಡನ್ನೇ ಹುಡುಕಿಕೊಂಡು ಬರುತ್ತವೆ. ಉತ್ತರ ಅಮೆರಿಕದ ಫ್ಯಾಟ್‌ಹೆಡ್ ಮಿನ್ನೋ ಎಂಬ ಸಣ್ಣ ಮೀನು ಹಾಗೆ. ಯೋಚಿಸಿದರೆ ಸರಿಯೇ ಅಲ್ವಾ? ಮೊಟ್ಟೆ ಜಾಸ್ತಿ ಇದ್ದಷ್ಟೂ ಕಳ್ಳರ ಬಾಯಿಗೆ ತನ್ನದೇ ಬೀಳುವ ಸಂಭವ ಕಡಿಮೆ, ಗಂಡೂ ಬಿಟ್ಟು ಹೋಗುವುದಿಲ್ಲ. ಹಾಗಾಗಿ ಗಂಡು ಮಿನ್ನೋ ಬೇರೆ ಗಂಡಿನ ಗೂಡನ್ನು ಮೊಟ್ಟೆ ಸಮೇತ ಕಸಿದುಕೊಂಡು, ತನ್ನದಲ್ಲದ ಆ ಮೊಟ್ಟೆಗಳನ್ನು ಜೋಪಾನ ಮಾಡುವುದೂ ಉಂಟು. ಹೆಣ್ಣಿಗೆ ಬಣ್ಣ, ಕುಣಿತಕ್ಕಿಂತ ಗೂಡಿನಲ್ಲಿರುವ ಮೊಟ್ಟೆಯೇ ಗಟ್ಟಿ ಗುರುತು ಅಂತ ನನಗನ್ನಿಸುತ್ತದೆ.

ಜಪಾನಿನ ಅಮಾಮಿ ಓಶಿಮಾ ದ್ವೀಪದ ಬಳಿ ಕಡಲ ತಳದಲ್ಲಿ ಸುಮಾರು 2 ಮೀಟರ್ ಅಗಲದ ಮರಳಿನ ರಂಗೋಲಿಗಳು 1995ರಲ್ಲಿ ಡೈವರ್‌ಗಳ ಕಣ್ಣಿಗೆ ಬಿದ್ದವು. ಯಾರು ಬರೆದದ್ದೆಂದು ವರ್ಷಗಟ್ಟಲೆ ಗೊತ್ತಾಗಲಿಲ್ಲ. ಬರೆಯುತ್ತಿದ್ದದ್ದು ಗೇಣುದ್ದವೂ ಇಲ್ಲದ ಒಂದು ಗಂಡು ಪಫರ್ ಮೀನು! ವಾರಕ್ಕೂ ಹೆಚ್ಚು ಹೊತ್ತು ರೆಕ್ಕೆಯಿಂದ ಸಾಲು ಕೊರೆದು, ದಿಬ್ಬಗಳಿಗೆ ಚಿಪ್ಪಿನ ಚೂರು ಸಿಂಗರಿಸಿ, ನಡುವೆ ನುಣ್ಣನೆಯ ಮರಳು ಕೂಡಿಸುತ್ತದೆ. ಹೆಣ್ಣು ಮೊಟ್ಟೆಯಿಡುವುದು ಆ ನಡುವಿನಲ್ಲೇ. ಮುಂದಿನ ಸಲಕ್ಕೆ ಹಳೆಯ ರಂಗೋಲಿ ಬಳಸುವುದಿಲ್ಲ, ಮತ್ತೆ ಮೊದಲಿನಿಂದ ಶುರು.

ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್ ಮೀನುಗಳ ಕಥೆ ಇನ್ನೂ ಬೇರೆ. ಗಂಡುಗಳು ಮರಳಿನಲ್ಲಿ ಕಟ್ಟುತ್ತವೆ, ಕೆಲವು ಜಾತಿಗಳು ಗುಂಡಿ, ಕೆಲವು ಗುಡ್ಡ. ಆದರೆ ಹೆಣ್ಣು ಅಲ್ಲಿ ಮೊಟ್ಟೆಯಿಟ್ಟ ತಕ್ಷಣ ಅದನ್ನು ಬಾಯಲ್ಲಿ ತುಂಬಿಕೊಂಡು ಹೋಗಿಬಿಡುತ್ತದೆ. ಮರಿ ಬೆಳೆಯುವುದು ತಾಯಿಯ ಬಾಯಲ್ಲಿ. ಗೂಡಿನಿಂದ ತೊಟ್ಟಿಲಿನ ಕೆಲಸ ಕಳಚಿಹೋಗಿ, ಹೆಣ್ಣನ್ನು ಒಲಿಸುವ ಕೆಲಸವಷ್ಟೇ ಉಳಿದಿದೆ. ಈ ಕಟ್ಟುವ ಬುದ್ಧಿ ಹುಟ್ಟಿನಿಂದಲೇ ಎಷ್ಟು ಬರುತ್ತದೆ ಗೊತ್ತಾ? ಗುಂಡಿ ತೋಡುವ ಜಾತಿಗೂ ಗುಡ್ಡ ಕಟ್ಟುವ ಜಾತಿಗೂ ಹುಟ್ಟಿದ ಮಿಶ್ರ ಗಂಡು ಮೊದಲು ಗುಂಡಿ ತೋಡುತ್ತದೆ. ಆಮೇಲೆ ಗುಡ್ಡ ಕಟ್ಟುತ್ತದೆ.