ಸತ್ಯವೇದವು ದೊಡ್ಡವರಿಗೇ ಏಕೆ ಕಠಿಣ?

13 ಜುಲೈ 2025, ಭಾನುವಾರ

ಸತ್ಯವೇದದ, ಅಂದರೆ ಬೈಬಲಿನ, ಯೋನನ ಪುಸ್ತಕದಲ್ಲಿರುವುದು ನಾಲ್ಕೇ ಅಧ್ಯಾಯಗಳು. ಶತ್ರುಗಳ ಪಟ್ಟಣವಾದ ನಿನೆವೆಗೆ ಹೋಗಿ ಸಾರು ಎಂದು ದೇವರು ಹೇಳಿದಾಗ ಹಡಗು ಹತ್ತಿ ಓಡಿಹೋಗಿ, ಬಿರುಗಾಳಿಗೆ ಸಿಕ್ಕಿ, ದೊಡ್ಡ ಮೀನಿನ ಹೊಟ್ಟೆ ಸೇರಿ ಹೊರಬಂದು, ಕೊನೆಗೆ ಅಲ್ಲಿಗೇ ಹೋದ ಪ್ರವಾದಿಯ ಪುಸ್ತಕವಿದು. ಇಂದು ಬೆಳಿಗ್ಗೆ ಸಂಡೇ ಸ್ಕೂಲಿನ ಮಕ್ಕಳಿಗೂ ಸಂಜೆ ದೊಡ್ಡವರ ವೇದಾಧ್ಯಯನದ ಕೂಟಕ್ಕೂ ಅದನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ ಹೇಳುವ ಅವಕಾಶ ನನಗೆ ದೊರೆಯಿತು. ಕೂಟ ಮುಗಿಯುವ ಹೊತ್ತಿಗೆ ಹಿರಿಯ ಸಹೋದರಿಯೊಬ್ಬರು, "ಮಕ್ಕಳಿಗೆ ಇಷ್ಟು ಸಲೀಸಾಗಿ ಅರ್ಥವಾಗುವ ಸತ್ಯವೇದ ನಮಗೇಕೆ ಇಷ್ಟು ಕಷ್ಟವಾಗುತ್ತದೆ, ಬ್ರದರ್?" ಎಂದು ಕೇಳಿದರು. ಅವರ ದನಿಯಲ್ಲಿ ನಿಜವಾದ ಬೇಸರವಿತ್ತು. ಅಲ್ಲಿ ಉಳಿದಿದ್ದ ಸ್ವಲ್ಪ ಸಮಯ ಆ ಪ್ರಶ್ನೆಗೆ ಸಾಲುವಂತಿರಲಿಲ್ಲವಾದ್ದರಿಂದ ಈಗ ನಿಧಾನವಾಗಿ ಬರೆಯುತ್ತಿದ್ದೇನೆ.

ಮಕ್ಕಳು ಬಿರುಗಾಳಿಯನ್ನೂ ಮೀನನ್ನೂ ಕಣ್ಣರಳಿಸಿಕೊಂಡು ಕೇಳಿದರು, ಆದರೆ ಅಲ್ಲಿಯೇ ನಿಲ್ಲಲಿಲ್ಲ. ಮೂರನೆಯ ಅಧ್ಯಾಯದಲ್ಲಿ ನಿನೆವೆಯ ಅರಸನು, ಮನುಷ್ಯರು ಮಾತ್ರವಲ್ಲದೆ ಪಶುಗಳು ಸಹ ಪಶ್ಚಾತ್ತಾಪದ ಗುರುತಾಗಿ ಗೋಣಿತಟ್ಟು ಹೊದ್ದುಕೊಳ್ಳಬೇಕೆಂದು ಆಜ್ಞಾಪಿಸುವ ಮಾತು ಬಂದಾಗ ಒಬ್ಬ ಹುಡುಗಿ, "ಪಶುಗಳು ಏನು ತಪ್ಪು ಮಾಡಿದ್ದವು?" ಎಂದು ಕೇಳಿದಳು. ಮುಂದೆ ಓದೋಣ ಎಂದೆ. ನಿನೆವೆಯವರು ಪಶ್ಚಾತ್ತಾಪಪಟ್ಟದ್ದು, ದೇವರು ಅವರನ್ನು ಕ್ಷಮಿಸಿದ್ದು, ಅದಕ್ಕೆ ಯೋನ ಸಿಟ್ಟಾದದ್ದು, ಅವನಿಗೆ ನೆರಳು ಕೊಟ್ಟ ಗಿಡ ಒಂದೇ ರಾತ್ರಿಯಲ್ಲಿ ಬೆಳೆದು ಹುಳು ಹೊಡೆದು ಒಣಗಿಹೋದದ್ದು, ಇವೆಲ್ಲ ಮುಗಿದು ಪುಸ್ತಕದ ಕೊನೆಯ ವಚನ ಬಂತು. ಎಡಗೈ ಬಲಗೈಗಳ ವ್ಯತ್ಯಾಸ ತಿಳಿಯದ 1,20,000ಕ್ಕಿಂತ ಹೆಚ್ಚು ಜನರೂ ಬಹಳ ಪಶುಗಳೂ ಇರುವ ಆ ದೊಡ್ಡ ಪಟ್ಟಣದ ಮೇಲೆ ನಾನು ಕನಿಕರಪಡಬಾರದೋ ಎಂದು ದೇವರು ಯೋನನನ್ನು ಕೇಳುವ ವಚನವದು. ಓದಿ ಮುಗಿಸುವಷ್ಟರಲ್ಲಿ ಅದೇ ಹುಡುಗಿ, "ನೋಡಿ, ದೇವರಿಗೆ ದನಗಳ ನೆನಪೂ ಇತ್ತು" ಎಂದಳು. ಅವಳ ಪಕ್ಕದ ಹುಡುಗ, "ಅದಕ್ಕೆ ಯೋನ ಏನು ಹೇಳಿದ?" ಎಂದ. ಏನೂ ಬರೆದಿಲ್ಲ, ಪುಸ್ತಕ ಆ ಪ್ರಶ್ನೆಯೊಂದಿಗೇ ಮುಗಿಯುತ್ತದೆ ಎಂದಾಗ ಅವನು ನನ್ನ ಕೈಯಲ್ಲಿದ್ದ ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು, ನಿಜವಾಗಿಯೂ ಮುಂದೆ ಏನೂ ಇಲ್ಲವೇ ಎಂದು ಬೆರಳಿಟ್ಟು ನೋಡಿದ. ಆಮೇಲೆ ಯೋನನ ಕೋಪ ಇಳಿದಿರಬಹುದೋ ಇಲ್ಲವೋ ಎಂದು ತರಗತಿಯೆಲ್ಲ ಚರ್ಚೆಗಿಳಿಯಿತು.

ಸಂಜೆಯ ಕೂಟದಲ್ಲಿ ಸಮಯದ ಬಹುಪಾಲು ಮೀನಿಗೇ ಹೋಯಿತು. ಅದು ಯಾವ ಜಾತಿಯದು, ಮನುಷ್ಯನೊಬ್ಬ ಅದರ ಹೊಟ್ಟೆಯಲ್ಲಿ ಮೂರು ಹಗಲು ಮೂರು ರಾತ್ರಿ ಬದುಕಿರಲು ಸಾಧ್ಯವೇ, ಇದು ನಡೆದ ಸಂಗತಿಯೋ ಅಥವಾ ಪಾಠ ಕಲಿಸಲು ಹೇಳಿದ ಸಾಮ್ಯಕಥೆಯೋ ಎಂಬುದರ ಬಗ್ಗೆ ಬಲ್ಲವರು ಬಲ್ಲಷ್ಟು ಮಾತನಾಡಿದರು. ಇವು ಕೇಳಬಾರದ ಪ್ರಶ್ನೆಗಳೆಂದು ನಾನು ಹೇಳುವುದಿಲ್ಲ, ವಿದ್ವಾಂಸರು ಇವುಗಳ ಮೇಲೆ ಗಂಭೀರವಾಗಿ ಕೆಲಸ ಮಾಡಿದ್ದಾರೆ. ಆದರೆ ಇಡೀ ಪುಸ್ತಕದಲ್ಲಿ ಮೀನಿನ ಪ್ರಸ್ತಾಪ ಬರುವುದು ಬೆರಳೆಣಿಕೆಯ ವಚನಗಳಲ್ಲಿ ಮಾತ್ರ, ಯೋನನ ಕೋಪಕ್ಕಾದರೋ ಒಂದು ಅಧ್ಯಾಯವೇ ಮೀಸಲಾಗಿದೆ. ಶತ್ರುಗಳಿಗೆ ಕ್ಷಮೆ ದೊರೆತದ್ದನ್ನು ಸಹಿಸಲಾಗದ ಒಬ್ಬ ಭಕ್ತನ ಮುಂದೆ ದೇವರು ಇಟ್ಟ ಪ್ರಶ್ನೆಯವರೆಗೆ ನಾವು ತಲುಪುವಷ್ಟರಲ್ಲಿ ಕೆಲವರು ಆಗಲೇ ಪುಸ್ತಕ ಮುಚ್ಚಿದ್ದರು. ಗೊತ್ತಿರುವ ಕಥೆಯೇ ಅಲ್ಲವೇ ಎಂಬ ಭಾವ ಎಲ್ಲರ ಮುಖದಲ್ಲಿಯೂ ಇತ್ತು.

ಸಹೋದರಿಯ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ದೊಡ್ಡವರ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಮಕ್ಕಳು ಓದುವ ಸತ್ಯವೇದವೂ ನಾವು ಓದುವ ಸತ್ಯವೇದವೂ ಗಾತ್ರದಲ್ಲಿ ಒಂದೇ ಅಲ್ಲ. ಅವರಿಗೆ ನಾವು ಕೊಡುವುದು ನೋಹನ ನಾವೆ, ದಾವೀದ ಮತ್ತು ಗೊಲ್ಯಾತ, ಸಿಂಹಗಳ ಗವಿಯಲ್ಲಿ ದಾನಿಯೇಲ, ತಪ್ಪಿಹೋದ ಮಗ, ಇಂಥ ಆಯ್ದ ಭಾಗಗಳನ್ನು. ಯಾಜಕಕಾಂಡದ ಬಲಿಗಳ ನಿಯಮಗಳನ್ನಾಗಲಿ, ಯೆಹೆಜ್ಕೇಲನ ದರ್ಶನಗಳನ್ನಾಗಲಿ, ರೋಮಾಪುರದವರಿಗೆ ಬರೆದ ಪತ್ರದ ಒಂಬತ್ತನೆಯ ಅಧ್ಯಾಯವನ್ನಾಗಲಿ ಎಂಟು ವರ್ಷದ ಮಗುವಿನ ಕೈಗೆ ಯಾರೂ ಕೊಡುವುದಿಲ್ಲ. ಪ್ರೊಟೆಸ್ಟೆಂಟರ ಎಣಿಕೆಯಲ್ಲಿ 66, ಕ್ಯಾಥೊಲಿಕರ ಎಣಿಕೆಯಲ್ಲಿ 73 ಪುಸ್ತಕಗಳ ಈ ಸಂಗ್ರಹವು ಹಲವು ಶತಮಾನಗಳ ಅವಧಿಯಲ್ಲಿ ಹೀಬ್ರೂ, ಅರಾಮಿಕ್ ಮತ್ತು ಗ್ರೀಕ್ ಭಾಷೆಗಳಲ್ಲಿ ರೂಪುಗೊಂಡದ್ದು. ಧರ್ಮಶಾಸ್ತ್ರ, ವಂಶಾವಳಿ, ಶೋಕಗೀತೆ, ಗಾದೆ, ಪ್ರವಾದನೆ, ಖಾಸಗಿ ಪತ್ರ ಎಲ್ಲವೂ ಒಂದೇ ರಟ್ಟಿನೊಳಗೆ ಇರುವಾಗ ಓದುಗನು ತಡವರಿಸುವುದು ಸಹಜ. ಆದಿಸಭೆಗಳಿಗೆ ಪತ್ರಗಳನ್ನು ಬರೆದ ಅಪೊಸ್ತಲ ಪೌಲನ ಪತ್ರಗಳಲ್ಲಿ ತಿಳಿಯಲು ಕಷ್ಟವಾದ ಕೆಲವು ಮಾತುಗಳಿವೆ ಎಂದು ಪೇತ್ರನ ಎರಡನೆಯ ಪತ್ರವೇ ಹೇಳುತ್ತದೆ. ಯೆಶಾಯನ ಪುಸ್ತಕ ಓದುತ್ತ ರಥದಲ್ಲಿ ಹೋಗುತ್ತಿದ್ದ ಐಥಿಯೋಪ್ಯದ ಅಧಿಕಾರಿ, ಓದುವುದು ತಿಳಿಯುತ್ತದೆಯೋ ಎಂದು ಸುವಾರ್ತಿಕನಾದ ಫಿಲಿಪ್ಪ ಕೇಳಿದಾಗ, ಯಾರಾದರೂ ತಿಳಿಸಿಕೊಡದಿದ್ದರೆ ನನಗೆ ಹೇಗೆ ತಿಳಿದೀತು ಎಂದು ಮರುಪ್ರಶ್ನೆ ಹಾಕಿ ಅವನನ್ನು ರಥಕ್ಕೆ ಹತ್ತಿಸಿಕೊಂಡ. ರಾಣಿಯ ಖಜಾನೆಯ ಹೊಣೆ ಹೊತ್ತಿದ್ದ ದೊಡ್ಡ ಮನುಷ್ಯನಿಗೆ, ದಾರಿಯಲ್ಲಿ ಸಿಕ್ಕ ಅಪರಿಚಿತನೊಬ್ಬನ ಮುಂದೆ ಹಾಗೆ ಹೇಳಲು ಸಂಕೋಚವಾಗಲಿಲ್ಲ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ.

ನಮ್ಮ ಓದುವ ಕ್ರಮವೂ ಕಷ್ಟವನ್ನು ಹೆಚ್ಚಿಸಿದೆ. ಇಂದು ನಮ್ಮ ಕೈಯಲ್ಲಿರುವ ಅಧ್ಯಾಯ ವಿಭಾಗಗಳು ಹದಿಮೂರನೆಯ ಶತಮಾನದವು, ಹೊಸ ಒಡಂಬಡಿಕೆಯ ವಚನ ಸಂಖ್ಯೆಗಳು 1551ರಲ್ಲಿ ರೊಬೆರ್ ಎತಿಯೆನ್ ಎಂಬ ಮುದ್ರಕ ಹಾಕಿದವು. ಹುಡುಕಲು ಅನುಕೂಲವಾಗಲೆಂದು ಬಂದ ಈ ಸಂಖ್ಯೆಗಳಿಂದಾಗಿ ನಾವು ದಿನಕ್ಕೊಂದು ವಚನವನ್ನು ಅದರ ಹಿಂದುಮುಂದಿನಿಂದ ಬಿಡಿಸಿ ತೆಗೆದುಕೊಳ್ಳುವುದನ್ನು ಅಭ್ಯಾಸ ಮಾಡಿಕೊಂಡಿದ್ದೇವೆ. ಮಗುವಿಗೆ ಯಾರೂ ವಚನವೊಂದನ್ನು ಬಿಡಿಯಾಗಿ ಕೊಟ್ಟು ಅರ್ಥ ಹೇಳು ಎನ್ನುವುದಿಲ್ಲ, ಅದಕ್ಕೆ ಕಥೆ ಇಡಿಯಾಗಿ ಸಿಗುತ್ತದೆ. ಯೇಸುವಿನ ಕಥೆ ಹೇಳುವ ಮಾರ್ಕನ ಸುವಾರ್ತೆಯನ್ನು ಗಟ್ಟಿಯಾಗಿ ಓದಿ ಮುಗಿಸಲು ಸುಮಾರು ಒಂದೂವರೆ ಗಂಟೆ ಸಾಕು. ಆದರೂ ವರ್ಷಗಟ್ಟಲೆ ಸಭೆಗೆ ಬರುತ್ತಿರುವ ಎಷ್ಟೋ ಮಂದಿ ಅದನ್ನು ಒಂದೇ ಬೈಠಕ್ಕಿನಲ್ಲಿ ಕೇಳಿಯೇ ಇರುವುದಿಲ್ಲ.

ಆದರೂ ಇಂದು ಸಂಜೆ ಅಡ್ಡಬಂದದ್ದು ಇವುಗಳಲ್ಲಿ ಯಾವುದೂ ಅಲ್ಲವೆಂದು ನನಗೆ ಅನಿಸುತ್ತದೆ. ಯೋನನ ಪುಸ್ತಕ ಚಿಕ್ಕದು, ಸರಳವಾದದ್ದು, ನಾವು ಅದನ್ನು ಪೂರ್ತಿಯಾಗಿಯೇ ಓದಿದ್ದೆವು. ದೊಡ್ಡವರಾದ ನಾವು ಪುಸ್ತಕ ತೆರೆಯುವ ಮೊದಲೇ ಅದರಲ್ಲಿ ಏನಿದೆ ಎಂಬುದನ್ನು ತೀರ್ಮಾನಿಸಿಬಿಟ್ಟಿರುತ್ತೇವೆ, ಆ ತೀರ್ಮಾನಕ್ಕೆ ಹೊಂದುವ ಭಾಗ ಕಣ್ಣಿಗೆ ಬೀಳುತ್ತದೆ, ಹೊಂದದ ಭಾಗ ಕಣ್ಣ ಮುಂದಿದ್ದರೂ ಕಾಣುವುದಿಲ್ಲ. ಆ ಹುಡುಗಿಗೆ ದನಗಳು ಕಂಡದ್ದು ಅವಳು ನಮಗಿಂತ ಜಾಣೆ ಎಂಬ ಕಾರಣಕ್ಕಲ್ಲ. ಯೋನನ ಕಥೆ ಎಂದರೆ ಮೀನಿನ ಕಥೆ ಎಂದು ಅವಳು ಇನ್ನೂ ನಿರ್ಧರಿಸಿರಲಿಲ್ಲ, ಅಷ್ಟೆ. ಜೊತೆಗೆ, ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳುವುದು ಮಗುವಿಗೆ ಅವಮಾನದ ಸಂಗತಿಯಾಗಿರುವುದಿಲ್ಲ. ನಿಕೊದೇಮನು ಯೇಸುವಿನ ಬಳಿಗೆ ರಾತ್ರಿಯಲ್ಲಿ ಬಂದನೆಂದು ಯೋಹಾನನು ಬರೆಯುತ್ತಾನೆ, ಬಂದವನು ಮೊದಲು ಆಡಿದ ಮಾತೇ "ನಾವು ಬಲ್ಲೆವು" ಎಂಬುದು. ಇಸ್ರಾಯೇಲಿನಲ್ಲಿ ಬೋಧಕನೆನಿಸಿಕೊಂಡವನಿಗೆ ಕೇಳಬೇಕಾದದ್ದನ್ನು ಕೇಳಲು ಕತ್ತಲು ಬೇಕಾಯಿತು ಎಂದು ನಾನು ಆ ಭಾಗವನ್ನು ಓದುತ್ತೇನೆ.

354ರಲ್ಲಿ ಉತ್ತರ ಆಫ್ರಿಕದಲ್ಲಿ ಹುಟ್ಟಿ ಮುಂದೆ ಬಿಷಪ್ ಆದ ಅಗಸ್ಟಿನ್ ತನ್ನ ಆತ್ಮನಿವೇದನೆ (ಕನ್ಫೆಷನ್ಸ್) ಎಂಬ ಪುಸ್ತಕದಲ್ಲಿ ಇದನ್ನೇ ತನ್ನ ಅನುಭವದಿಂದ ಹೇಳಿದ್ದಾನೆ. ಹತ್ತೊಂಬತ್ತರ ವಯಸ್ಸಿನಲ್ಲಿ ರೋಮಿನ ಪ್ರಸಿದ್ಧ ವಾಗ್ಮಿ ಸಿಸೆರೊನ ಗದ್ಯಕ್ಕೆ ಮಾರುಹೋಗಿದ್ದ ಆತನಿಗೆ, ಪವಿತ್ರ ಗ್ರಂಥವನ್ನು ತೆರೆದಾಗ ಅದರ ಸರಳ ಶೈಲಿ ಸಿಸೆರೊನ ಗಾಂಭೀರ್ಯದ ಮುಂದೆ ತೀರ ಸಾಮಾನ್ಯವೆನಿಸಿತು. ಚಿಕ್ಕವರೊಡನೆ ತಾನೂ ಬೆಳೆಯುವ ಗ್ರಂಥ ಅದಾಗಿತ್ತು, ನಾನಾದರೋ ಚಿಕ್ಕವನಾಗಲು ಒಪ್ಪಲಿಲ್ಲ ಎಂಬರ್ಥದ ಮಾತನ್ನು ಆತ ಬರೆಯುತ್ತಾನೆ. ಅನೇಕ ವರ್ಷಗಳ ನಂತರ, 386ರಲ್ಲಿ, ಮಿಲಾನಿನ ಒಂದು ತೋಟದಲ್ಲಿ ಕುಳಿತು ಅಳುತ್ತಿದ್ದಾಗ, ತೆಗೆದುಕೊಂಡು ಓದು, ತೆಗೆದುಕೊಂಡು ಓದು ಎಂದು ಯಾವುದೋ ಮಗು ರಾಗವಾಗಿ ಹೇಳುತ್ತಿರುವುದು ನೆರೆಮನೆಯಿಂದ ಆತನಿಗೆ ಕೇಳಿಸಿತು. ಮಕ್ಕಳ ಯಾವ ಆಟದಲ್ಲಾದರೂ ಇಂಥ ಮಾತು ಬರುತ್ತದೆಯೇ ಎಂದು ಯೋಚಿಸಿ, ಹಾಗೆ ಯಾವುದೂ ನೆನಪಿಗೆ ಬಾರದೆ, ಆತ ಎದ್ದುಹೋಗಿ ಪೌಲನ ಪತ್ರವನ್ನು ತೆರೆದ. ಅಷ್ಟು ವಿದ್ಯೆಯಿದ್ದವನನ್ನು ಪುಸ್ತಕದ ಕಡೆಗೆ ಮತ್ತೆ ತಿರುಗಿಸಿದ್ದು ಒಂದು ಮಗುವಿನ ದನಿ ಎಂಬುದನ್ನು ಎಷ್ಟು ಸಲ ಓದಿದರೂ ನನ್ನ ಮನಸ್ಸು ಅಲ್ಲಿ ನಿಲ್ಲುತ್ತದೆ.

ಇನ್ನೊಂದು ಕಾರಣವಿದೆ, ಅದನ್ನು ಬರೆಯುವಾಗ ನನಗೇ ಭಯವಾಗುತ್ತದೆ. ಮಕ್ಕಳಂತೆ ಆಗಬೇಕೆಂಬ ಯೇಸುವಿನ ಮಾತನ್ನು ನಾವು ಮಕ್ಕಳ ಮುಗ್ಧತೆಗೆ ಸಂಬಂಧಿಸಿದ ಮಾತೆಂದು ತಿಳಿಯುತ್ತೇವೆ. ಮತ್ತಾಯ 18ರಲ್ಲಿ ಆ ಮಾತು ಬಂದಿರುವುದು, ಪರಲೋಕರಾಜ್ಯದಲ್ಲಿ ಯಾರು ಹೆಚ್ಚಿನವರು ಎಂದು ಶಿಷ್ಯರು ಕೇಳಿದ ಪ್ರಶ್ನೆಗೆ ಉತ್ತರವಾಗಿ. ಆ ಕಾಲದ ಸಮಾಜದಲ್ಲಿ ಸ್ಥಾನವಾಗಲಿ ಅಧಿಕಾರವಾಗಲಿ ಇಲ್ಲದಿದ್ದ ಒಂದು ಮಗುವನ್ನು ಅವರ ನಡುವೆ ನಿಲ್ಲಿಸಿ, ಇದರಂತೆ ತನ್ನನ್ನು ತಗ್ಗಿಸಿಕೊಳ್ಳುವವನೇ ಹೆಚ್ಚಿನವನು ಎಂದು ಆತ ಹೇಳಿದ. ಮಾರ್ಕ 10ರಲ್ಲಿ ಶಿಷ್ಯರು ಮಕ್ಕಳನ್ನು ಕರೆತಂದವರನ್ನು ಗದರಿಸಿದಾಗ ಯೇಸು ಕೋಪಗೊಂಡನೆಂದು ಸ್ಪಷ್ಟವಾಗಿ ಬರೆದಿದೆ, ದೇವರ ರಾಜ್ಯವನ್ನು ಮಗುವಿನಂತೆ ಸ್ವೀಕರಿಸದವನು ಅದರಲ್ಲಿ ಸೇರುವುದೇ ಇಲ್ಲ ಎಂದು ಆತ ಹೇಳಿದ್ದು ಆಗಲೇ. ಅದರ ಬೆನ್ನಿಗೇ, ಮತ್ತಾಯ, ಮಾರ್ಕ, ಲೂಕ ಈ ಮೂರು ಸುವಾರ್ತೆಗಳಲ್ಲಿಯೂ, ಬರುವವನು ಒಬ್ಬ ಐಶ್ವರ್ಯವಂತ. ಚಿಕ್ಕಂದಿನಿಂದ ಆಜ್ಞೆಗಳನ್ನು ಪಾಲಿಸಿದವನು, ನಿತ್ಯಜೀವಕ್ಕಾಗಿ ಏನು ಮಾಡಬೇಕೆಂದು ಶ್ರದ್ಧೆಯಿಂದ ಕೇಳಿದವನು. ಇದ್ದುದನ್ನೆಲ್ಲ ಮಾರಿ ಬಡವರಿಗೆ ಕೊಟ್ಟು ನನ್ನನ್ನು ಹಿಂಬಾಲಿಸು ಎಂಬ ಉತ್ತರ ಬಂದಾಗ ಅವನು ಮುಖ ಬಾಡಿಸಿಕೊಂಡು ದುಃಖದಿಂದ ಹೊರಟುಹೋದ. ಆ ಉತ್ತರದಲ್ಲಿ ಅರ್ಥವಾಗದ ಒಂದು ಮಾತೂ ಇರಲಿಲ್ಲ. ಅರ್ಥವಾದದ್ದರಿಂದಲೇ ಅವನು ಹೊರಟದ್ದು.

ನಾವು ಅವನಷ್ಟು ಪ್ರಾಮಾಣಿಕರಾಗಿ ಎದ್ದು ಹೋಗುವುದಿಲ್ಲ. ಕುಳಿತಲ್ಲೇ ಕುಳಿತು, ಈ ಭಾಗ ಸ್ವಲ್ಪ ಕಠಿಣ, ಇದಕ್ಕೆ ಹಲವು ವ್ಯಾಖ್ಯಾನಗಳಿವೆ ಎನ್ನುತ್ತೇವೆ. ಆಸ್ತಿ, ಹಗೆ, ಹಳೆಯ ಜಗಳ, ಮಾತು ಬಿಟ್ಟ ಒಡಹುಟ್ಟಿದವರು, ಇವೆಲ್ಲ ಇರುವವನಿಗೆ ಕ್ಷಮಿಸು ಎಂಬ ಸರಳವಾದ ಮಾತೂ ಕ್ಲಿಷ್ಟವಾಗಿ ಕಾಣುತ್ತದೆ. ಬೆಳಿಗ್ಗೆ ಮಕ್ಕಳು ಯೋನನ ಕೋಪವನ್ನು ಬಿಚ್ಚುಮನಸ್ಸಿನಿಂದ ಚರ್ಚಿಸಿದರು, ಏಕೆಂದರೆ ನಿನೆವೆ ಎಂದ ಕೂಡಲೇ ಕಣ್ಣ ಮುಂದೆ ಬರುವ ಮುಖವೊಂದು ಅವರಿಗೆ ಬಹುಶಃ ಇನ್ನೂ ಇಲ್ಲ. ಸಂಜೆ ಕುಳಿತಿದ್ದ ನಮಗೆಲ್ಲರಿಗೂ ಅಂಥ ಮುಖವಿದೆ. ಮೀನಿನ ವಿಷಯ ಅಷ್ಟು ಹೊತ್ತು ಎಳೆದದ್ದಕ್ಕೆ ಇದೂ ಒಂದು ಕಾರಣವಿರಬೇಕೆಂದು ನಾನು ನಂಬುತ್ತೇನೆ, ನನ್ನನ್ನೂ ಸೇರಿಸಿಯೇ ಈ ಮಾತು ಬರೆಯುತ್ತಿದ್ದೇನೆ.

ಹಾಗೆಂದು ಮಕ್ಕಳಿಗೆ ಎಲ್ಲವೂ ಅರ್ಥವಾಗುತ್ತದೆ, ದೊಡ್ಡವರ ತಿಳಿವಳಿಕೆಯಿಂದ ಪ್ರಯೋಜನವಿಲ್ಲ ಎಂದು ಹೇಳಿದರೆ ಅದು ಸತ್ಯವೇದಕ್ಕೇ ವಿರುದ್ಧವಾಗುತ್ತದೆ. ಕೆಟ್ಟತನದ ವಿಷಯದಲ್ಲಿ ಶಿಶುಗಳಾಗಿರಿ, ಬುದ್ಧಿಯ ವಿಷಯದಲ್ಲಿ ಪ್ರಾಯಸ್ಥರಾಗಿರಿ ಎಂದು ಪೌಲನು ಕೊರಿಂಥದವರಿಗೆ ಬರೆದ. ಇಬ್ರಿಯರಿಗೆ ಬರೆದ ಪತ್ರವು, ಇನ್ನೂ ಹಾಲನ್ನೇ ಕುಡಿಯುತ್ತಿದ್ದೀರಿ, ಗಟ್ಟಿಯಾದ ಆಹಾರಕ್ಕೆ ಯಾವಾಗ ಸಿದ್ಧರಾಗುತ್ತೀರಿ ಎಂಬ ಧಾಟಿಯಲ್ಲಿ ಓದುಗರನ್ನು ಆಕ್ಷೇಪಿಸುತ್ತದೆ. ಮಕ್ಕಳು ಮತ್ತು ದೊಡ್ಡವರು ಇಬ್ಬರೂ ಬೇಕು ಎಂಬುದನ್ನು ಒಂದನೆಯ ಸಮುವೇಲ ಪುಸ್ತಕದ ಮೂರನೆಯ ಅಧ್ಯಾಯದಷ್ಟು ಸ್ಪಷ್ಟವಾಗಿ ತೋರಿಸುವ ಭಾಗ ನನಗೆ ಬೇರೆ ತಿಳಿದಿಲ್ಲ. ಆ ರಾತ್ರಿ ದೇವರ ಕರೆ ಕೇಳಿಸಿದ್ದು ಬಾಲಕ ಸಮುವೇಲನಿಗೆ, ಕಣ್ಣು ಮಂಜಾಗಿದ್ದ ವೃದ್ಧ ಯಾಜಕ ಏಲಿಗಲ್ಲ. ಆದರೆ ಕರೆದವರು ಯಾರೆಂದು ಬಾಲಕನಿಗೆ ತಿಳಿಯಲಿಲ್ಲ, ಅವನು ಮೂರು ಸಲವೂ ಏಲಿಯ ಬಳಿಗೇ ಓಡಿದ. ಮೂರನೆಯ ಸಲ ಅದನ್ನು ಗುರುತಿಸಿ, ಮತ್ತೆ ಕರೆದರೆ ನಿನ್ನ ದಾಸನು ಕೇಳುತ್ತಿದ್ದಾನೆ, ಅಪ್ಪಣೆಯಾಗಲಿ ಎಂದು ಹೇಳು ಎಂದು ಕಲಿಸಿಕೊಟ್ಟವನು ಏಲಿ. ಕೇಳಿಸಿಕೊಂಡವನಿಗೆ ಗುರುತಿಸಲು ಆಗಲಿಲ್ಲ, ಗುರುತಿಸಿದವನಿಗೆ ಕೇಳಿಸಲಿಲ್ಲ. ಆ ಸಂದೇಶವೂ ಏಲಿಯ ಮನೆತನದ ಮೇಲೆ ಬರಲಿದ್ದ ನ್ಯಾಯತೀರ್ಪಿನದೇ ಆಗಿತ್ತು. ಹೇಳಲು ಹೆದರಿದ ಬಾಲಕನನ್ನು, ಒಂದನ್ನೂ ಮುಚ್ಚಿಡಬೇಡ ಎಂದು ಒತ್ತಾಯಿಸಿ ಕೇಳಿಸಿಕೊಂಡದ್ದು ಅದೇ ವೃದ್ಧ. ತನ್ನ ಮಕ್ಕಳನ್ನು ತಿದ್ದುವಲ್ಲಿ ಸೋತಿದ್ದ ಏಲಿಯ ಬಗ್ಗೆ ನಾವು ಸಾಮಾನ್ಯವಾಗಿ ಕಟುವಾಗಿಯೇ ಮಾತನಾಡುತ್ತೇವೆ, ಆದರೆ ತನಗೆ ವಿರೋಧವಾದ ಮಾತನ್ನು ಒಬ್ಬ ಹುಡುಗನ ಬಾಯಿಂದ ಕೇಳಿ ಒಪ್ಪಿಕೊಂಡ ಆ ಬೆಳಗಿನ ಏಲಿಗೆ ನಾವು ಗೌರವ ಸಲ್ಲಿಸಬೇಕು.

ಬರುವ ಭಾನುವಾರ ಮಕ್ಕಳ ತರಗತಿಯನ್ನೂ ದೊಡ್ಡವರ ಕೂಟವನ್ನೂ ಒಂದೇ ಕೋಣೆಯಲ್ಲಿ ಸೇರಿಸಿ ಸಮುವೇಲನ ಈ ಅಧ್ಯಾಯವನ್ನು ಓದೋಣವೇ ಎಂದು ಸಭಾಪಾಲಕರಿಗೆ ಸಂದೇಶ ಕಳುಹಿಸಿದ್ದೇನೆ. ಮೊದಲ ಅರ್ಧ ಗಂಟೆ ಪ್ರಶ್ನೆಗಳನ್ನು ಮಕ್ಕಳು ಮಾತ್ರ ಕೇಳಲಿ, ದೊಡ್ಡವರು ತಮಗೆ ಮೊದಲಿನಿಂದ ಗೊತ್ತಿರುವುದನ್ನು ಬದಿಗಿಟ್ಟು ಆ ಪುಟದಲ್ಲಿ ಬರೆದಿರುವುದನ್ನು ತೋರಿಸಿಯೇ ಉತ್ತರಿಸಲಿ ಎಂದೂ ಅದರಲ್ಲಿ ಬರೆದಿದ್ದೇನೆ. ಅವರು ಒಪ್ಪಿದರೆ, ಪ್ರಶ್ನೆ ಕೇಳಿದ ಆ ಸಹೋದರಿಗೆ ಮೊದಲು ಫೋನ್ ಮಾಡಿ ಹೇಳಬೇಕು.