ಪೋರ್ಕ್‌ಗೆ ಹಣ್ಣು ಹಾಕಿದರೆ ಸಿಹಿ ಆಗಲ್ವಾ?

ಬೆಳಗಾವಿಯ ನಮ್ಮ ಮನೆಗೆ ಊಟಕ್ಕೆ ಬಂದವರೆಲ್ಲ ಇದನ್ನೇ ಕೇಳುತ್ತಾರೆ. ಹುಳಿ ಹಣ್ಣು ಮೊದಲು, ಸಿಹಿ ಹಣ್ಣು ಕೊನೆಗೆ ಹಾಕಿದರೆ ಅಡುಗೆ ಪಾಯಸ ಆಗುವುದಿಲ್ಲ. ಇದೇ ನನ್ನ ಉತ್ತರ.

ಹಂದಿ ಮಾಂಸಕ್ಕೆ ಹಣ್ಣು ಹೊರಗಿನಿಂದ ಬಂದ ಫ್ಯಾಷನ್ ಅಲ್ಲ. ಕೊಡಗಿನ ಪಂದಿ ಕರಿಗೆ ಹಾಕುವ ಕಾಚಂಪುಳಿ ಎಂಬ ಕಪ್ಪು ಹುಳಿಯೂ ಹಣ್ಣಿನ ರಸವನ್ನೇ ಕುದಿಸಿ ಮಾಡಿದ್ದು. ಗೋವಾದ ಕ್ರೈಸ್ತರ ಮನೆಗಳಲ್ಲಿ ಸೊಲಾಂತುಲೆಂ ಎಂಬ ಹಂದಿ ಮಾಂಸದ ಅಡುಗೆ ಮಾಡುತ್ತಾರೆ, ಅದರ ಹುಳಿ ಆಮಸೂಲಿನದು, ಅಂದರೆ ಒಣಗಿಸಿದ ಕೋಕಂ ಸಿಪ್ಪೆಯದು. ಖಾನಾಪುರದ ಕಾಡು ಪಕ್ಕದಲ್ಲೇ ಇರುವ ನಮಗೆ ಆಮಸೂಲಿಗೆ ಬರವೇ? ಕೊಬ್ಬಿನ ಜಿಡ್ಡಿಗೆ ಹುಳಿ ಬೇಕೇ ಬೇಕು. ಇಲ್ಲದಿದ್ದರೆ ನಾಲ್ಕು ತುತ್ತಿಗೇ ಸಾಕು ಅನಿಸುತ್ತದೆ.

ನಾನು ಒಂದು ಕಿಲೋ ಭುಜದ ಮಾಂಸ ತರುತ್ತೇನೆ, ಕೊಬ್ಬು ಇರುವುದನ್ನೇ. ತುಂಡು ದೊಡ್ಡದಿರಲಿ. ದಪ್ಪ ತಳದ ಸ್ಟೀಲ್ ಪಾತ್ರೆಯಲ್ಲಿ ಎಣ್ಣೆ ಹಾಕದೆ ಸಣ್ಣ ಉರಿಯಲ್ಲಿ ಇಟ್ಟರೆ ಕೊಬ್ಬು ತಾನೇ ಕರಗಿ ಬರುತ್ತದೆ. ಆಮೇಲೆ ಉರಿ ಜೋರು ಮಾಡಿ ಎಲ್ಲ ಕಡೆ ಕೆಂಪಗೆ ಹುರಿದು ತೆಗೆದಿಡಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿ ಅದನ್ನು ಬಿಡುವುದಿಲ್ಲ.

ಅದೇ ಕೊಬ್ಬಿನಲ್ಲಿ ಮೂರು ಉಳ್ಳಾಗಡ್ಡಿ ಪೂರ್ತಿ ಮೆತ್ತಗಾಗಲಿ. ಇಲ್ಲಿ ಅವಸರ ಮಾಡಬೇಡಿ, ಹುಳಿ ಬಿದ್ದ ಮೇಲೆ ಉಳ್ಳಾಗಡ್ಡಿ ಸುಲಭಕ್ಕೆ ಬೇಯುವುದಿಲ್ಲ. ಶುಂಠಿ, ಬಳ್ಳೊಳ್ಳಿ, ಬ್ಯಾಡಗಿ ಖಾರ, ಮೆಣಸು, ಲವಂಗ, ಚೂರು ದಾಲ್ಚಿನ್ನಿ ಹಾಕಿ ಹುರಿದು ಮಾಂಸ ಮತ್ತೆ ಹಾಕಿ. ಆರೇಳು ಆಮಸೂಲು ನೆನೆಸಿದ ನೀರು ಸಮೇತ ಸುರಿಯಿರಿ. ಕೆಲವು ಆಮಸೂಲಿಗೆ ಮೊದಲೇ ಉಪ್ಪು ಹಚ್ಚಿರುತ್ತಾರೆ, ಹಾಗಾಗಿ ಉಪ್ಪು ಕೊನೆಗೆ ನೋಡಿ. ಬಿಸಿನೀರು ಮಾಂಸದ ಅರ್ಧದವರೆಗೆ ಸಾಕು. ಮುಚ್ಚಿ, ಸಣ್ಣ ಉರಿಯಲ್ಲಿ ಎರಡು ತಾಸು. ಮಾಂಸದ ಗಟ್ಟಿ ನಾರು ನಿಧಾನಕ್ಕೆ ಕರಗಿ ಜೆಲಟಿನ್ ಆಗುವುದಕ್ಕೆ ಅಷ್ಟು ಹೊತ್ತು ಬೇಕು. ಗ್ರೇವಿಗೆ ಆ ಅಂಟು, ಆ ಹೊಳಪು ಬರುವುದು ಅದರಿಂದಲೇ. ಕುಕ್ಕರ್‌ನಲ್ಲೂ ಮಾಂಸ ಬೇಯುತ್ತದೆ, ಆದರೆ ಆಮೇಲೆ ಮುಚ್ಚಳ ತೆಗೆದು ರಸ ಬತ್ತಿಸಲೇಬೇಕು.

ಇನ್ನು ಸಿಹಿ. ಕೊನೆಯ ಇಪ್ಪತ್ತು ನಿಮಿಷ ಇರುವಾಗ ಒಂದು ಮುಷ್ಟಿ ವಿಜಯಪುರದ ಒಣದ್ರಾಕ್ಷಿ ಹಾಕಿ. ಮೊದಲೇ ಹಾಕಿದರೆ ಒಡೆದು ಕರಗಿ, ತಳಕ್ಕೆ ಹತ್ತುತ್ತದೆ. ಅಥಣಿ ಕಡೆಯ ಕಪ್ಪು ದ್ರಾಕ್ಷಿ ಸಿಗುವ ಕಾಲದಲ್ಲಿ ನಾನು ಅದನ್ನೇ ಹಾಕುವುದು, ಅದರ ಸಿಪ್ಪೆಯ ಒಗರು ನನಗೆ ಬಹಳ ಇಷ್ಟ.

ಅನಾನಸ್ ಬಗ್ಗೆಯೂ ಕೇಳುತ್ತಾರೆ. ಹಸಿ ಅನಾನಸ್‌ನಲ್ಲಿ ಮಾಂಸ ನೆನೆಸಿಡಬೇಡಿ. ಅದರಲ್ಲಿರುವ ಬ್ರೊಮೆಲಿನ್ ಎಂಬ ಕಿಣ್ವ ಮಾಂಸದ ಮೇಲ್ಪದರವನ್ನು ಹಿಟ್ಟು ಹಿಟ್ಟು ಮಾಡುತ್ತದೆ. ಬಿಸಿಗೆ ಆ ಗುಣ ಹೋಗುವುದರಿಂದ, ತುಂಡುಗಳನ್ನು ಬೇರೆ ಹುರಿದು ಕೊನೆಗೆ ಸೇರಿಸಿದರೆ ತೊಂದರೆ ಇಲ್ಲ.

ಹಿಂದಿನ ರಾತ್ರಿಯೇ ಮಾಡಿ ಫ್ರಿಜ್‌ನಲ್ಲಿಟ್ಟರೆ ಇನ್ನೂ ಒಳ್ಳೆಯದು. ಮೇಲೆ ಗಟ್ಟಿಯಾದ ಕೊಬ್ಬನ್ನು ಬೇಕಾದಷ್ಟು ತೆಗೆದು ಕುದಿಸಿ, ಬಿಸಿ ಜೋಳದ ರೊಟ್ಟಿ ಜೊತೆ ಬಡಿಸಿ. ಪೋರ್ಕ್ ತಿನ್ನದವರು ಮಟನ್‌ಗೂ ಇದನ್ನೇ ಮಾಡಬಹುದು, ಜಿಡ್ಡು ಕಡಿಮೆ ಇದ್ದರೆ ಆಮಸೂಲು ಅರ್ಧ ಸಾಕು.